ನಾಗರತ್ನ ಮಿಸ್ ಮೆಚ್ಚಿದ ಚಿತ್ರ

ನಾಗರತ್ನ ಮಿಸ್ ಚಿತ್ರದ ಮುಂದೆ ನಿಲ್ಲುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಹೊಸದಾಗಿ ಪ್ರದರ್ಶನ ಮಾಡುವವರು ಇದನ್ನು ಕಂಡು ಪುಳಕಗೊಳ್ಳುತ್ತಿದ್ದರು. ಕಲೆಯ ಮೇಲೆ ಎಂಥ ಭಕ್ತಿ ಎಂದು ಕೈಮುಗಿದು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡವರೂ ಇದ್ದಾರೆ. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಮಿಸ್‌ಗೆ ಎಡಗಾಲಿನಲ್ಲಿ ಆಣಿ ಇತ್ತು, ಚಪ್ಪಲಿ ಒತ್ತುತ್ತಿತ್ತು. ಬರಿಗಾಲಾದರೆ ಹೆಚ್ಚು ಹೊತ್ತು ನಿಲ್ಲಬಹುದು. "ಚೆನ್ನಾಗಿರೋದು ಒಂದೇ ಏಟಿಗೆ ಗೊತ್ತಾಗುತ್ತೆ ಕಣೇ. ಕೆಟ್ಟಿರೋದು ಯಾಕೆ ಕೆಟ್ಟಿದೆ ಅಂತ ತಿಳ್ಕೊಳಕ್ಕೇ ಟೈಮ್ ಬೇಕು" ಎನ್ನುತ್ತಿದ್ದರು.

ಹೀಗೆ ತಿಳಿದುಕೊಂಡದ್ದನ್ನು ಅವರು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಬಾಗಿಲ ಬಳಿ ಮೇಜಿನ ಮೇಲೆ ಅಭಿಪ್ರಾಯ ಪುಸ್ತಕ ಇರುತ್ತದಲ್ಲ, ಬಂದವರೆಲ್ಲ 'ಅದ್ಭುತ', 'ಮನಮೋಹಕ' ಎಂದು ಗೀಚಿ ಕಾಫಿಯ ಕಡೆ ಹೋಗುತ್ತಾರಲ್ಲ, ಆ ಪುಸ್ತಕದ ಮುಂದೆ ಮಿಸ್ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಚೀಲದಿಂದ ಇಂಕ್ ಪೆನ್ನು ತೆಗೆಯುತ್ತಿದ್ದರು. ಹಸಿರು ಇಂಕು. ದೊಡ್ಡ ಅಧಿಕಾರಿಗಳು ಸಹಿ ಹಾಕುವ ಹಸಿರು. ಜೀವಮಾನದಲ್ಲಿ ಹೆಡ್‌ಮಿಸ್ಟ್ರೆಸ್ ಕೂಡ ಆಗದ ಒಬ್ಬ ಡ್ರಾಯಿಂಗ್ ಟೀಚರ್ ಆ ಇಂಕನ್ನು ಯಾಕೆ ಆರಿಸಿಕೊಂಡರು ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ನಗರದ ದೊಡ್ಡ ಗ್ಯಾಲರಿಗಳೆಲ್ಲ ಆ ಕಡೆ. ಈ ಕಡೆಯವರಾದ ನಮಗೆ, ಅಂದರೆ ವಿಜಯನಗರ, ಲಗ್ಗೆರೆ, ಸುಂಕದಕಟ್ಟೆ, ಕೆಂಗೇರಿ ಎಂದು ಚದುರಿಕೊಂಡು ಬಣ್ಣ ಬಳಿಯುವವರಿಗೆ, ರಾಜಾಜಿನಗರದಲ್ಲಿ ಒಂದು ಟ್ರಸ್ಟಿನ ಎರಡನೇ ಮಹಡಿಯ ಹಾಲೇ ಗತಿ. ಕೆಳಗೆ ಮದುವೆ ಛತ್ರ. ಮೇಲೆ ನಾವು ದೀಪ ಹಚ್ಚುವ ಹೊತ್ತಿಗೆ ಕೆಳಗೆ ಓಲಗ ಶುರುವಾಗುತ್ತಿತ್ತು. ಉದ್ಘಾಟಕರು ಒಂದೂವರೆ ಗಂಟೆ ತಡವಾಗಿ ಬಂದು, ಚಿತ್ರಗಳ ಕಡೆ ಬೆನ್ನು ಹಾಕಿ ನಿಂತು, ಕಲೆ ಸಮಾಜದ ಕನ್ನಡಿ ಎಂದು ಹೇಳಿ, ಖಾರಾಬಾತ್ ತಿಂದು ಹೋಗುತ್ತಿದ್ದರು. ಅಂಥ ಹಾಲಿನಲ್ಲಿ ಚಿತ್ರವನ್ನು ನಿಜವಾಗಿ ನೋಡುತ್ತಿದ್ದವರು ಮಿಸ್ ಒಬ್ಬರೇ. ಅದಕ್ಕೇ ಅವರನ್ನು ಕಂಡರೆ ನಮಗೆ ನಡುಕ.

ಲೋಕೇಶನಿಗೆ ಆದದ್ದನ್ನು ಹೇಳಬೇಕು. ಲಗ್ಗೆರೆಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡವನು. ಹಗಲೆಲ್ಲ ಹುಟ್ಟುಹಬ್ಬದ ಶುಭಾಶಯ ಕೋರುವ ಮುಖಗಳನ್ನು ಪ್ರಿಂಟ್ ಹಾಕಿ, ಭಾನುವಾರ ಚಿತ್ರ ಬರೆಯುತ್ತಿದ್ದ. ಆರು ವರ್ಷ ಬರೆದು ಹನ್ನೆರಡು ಚಿತ್ರ ಮಾಡಿ, ಹೆಂಡತಿ, ಮಾವ, ಅತ್ತೆ ಎಲ್ಲರನ್ನೂ ಕರೆಸಿ ಪ್ರದರ್ಶನ ಇಟ್ಟ. ಮಿಸ್ ಎರಡು ಗಂಟೆ ನೋಡಿ ಬರೆದರು: 'ಹನ್ನೆರಡು ಚಿತ್ರ ನೋಡಿದೆ. ಹನ್ನೊಂದು ಫೋಟೊ ನೋಡಿ ಬರೆದದ್ದು. ಹನ್ನೆರಡನೆಯದು ಆ ಹನ್ನೊಂದನ್ನು ನೋಡಿ ಬರೆದದ್ದು.' ಲೋಕೇಶನ ಮಾವ ಅದನ್ನು ಜೋರಾಗಿ ಓದಿದರು. ಹೊಗಳಿದ್ದೋ ತೆಗಳಿದ್ದೋ ಅವರಿಗೆ ತಿಳಿಯಲಿಲ್ಲ, ಅಳಿಯನನ್ನು ಕರೆದು ಅರ್ಥ ಕೇಳಿದರು. ಲೋಕೇಶ ಆ ಹಾಳೆ ಹರಿದು ಜೇಬಿಗೆ ಹಾಕಿಕೊಂಡ. ಆಮೇಲೆ ಅವನು ಚಿತ್ರ ಬರೆದದ್ದನ್ನು ನಾನು ನೋಡಿಲ್ಲ. ಪ್ರದರ್ಶನಗಳಿಗೆ ಮಾತ್ರ ತಪ್ಪದೆ ಬರುತ್ತಿದ್ದ, ಬೇರೆಯವರ ಗತಿ ಏನಾಗುತ್ತದೆ ನೋಡಲು.

ನನಗೆ ಮಿಸ್ ಗೊತ್ತಾದದ್ದು ವಿಜಯನಗರದ ಹೈಸ್ಕೂಲಿನಲ್ಲಿ. ಆಗಲೇ ಅವರಿಗೆ ನಲವತ್ತು ದಾಟಿತ್ತು. ದಾವಣಗೆರೆ ಕಡೆಯ ಮನೆತನ. ಹಣೆಯಲ್ಲಿ ಮೂರು ಬೆರಳ ವಿಭೂತಿ, ಗಂಜಿ ಹಾಕಿದ ಹತ್ತಿಯ ಸೀರೆ, ಬೋಳು ಕೈ. ಮದುವೆಯಾಗಿರಲಿಲ್ಲ. ಬಸವೇಶ್ವರನಗರದಲ್ಲಿ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಇರುತ್ತಿದ್ದರು. ಬೇರೆ ಶಾಲೆಗಳಲ್ಲಿ ಡ್ರಾಯಿಂಗ್ ಪೀರಿಯಡ್ಡು ಅಂದರೆ ಗಣಿತದ ಮೇಷ್ಟರು ಪೋರ್ಷನ್ ಮುಗಿಸಲು ಕೇಳಿ ಪಡೆಯುವ ಪೀರಿಯಡ್ಡು. ನಮ್ಮಲ್ಲಿ ಒಮ್ಮೆ ಹಾಗೆ ಕೇಳಲು ಬಂದ ಮೇಷ್ಟರನ್ನು ಮಿಸ್ ಬಾಗಿಲಲ್ಲೇ ನಿಲ್ಲಿಸಿ, "ನಿಮ್ಮ ಲೆಕ್ಕ ತಪ್ಪಾದ್ರೆ ಮಾರ್ಕ್ಸ್ ಹೋಗುತ್ತೆ ಸಾರ್, ಇವರ ಕಣ್ಣು ತಪ್ಪಾದ್ರೆ ಏನು ಹೋಗುತ್ತೆ ಅಂತ ನಿಮಗೆ ಗೊತ್ತಿಲ್ಲ" ಎಂದು ಕಳಿಸಿದ್ದರು.

ಒಂಬತ್ತನೇ ಕ್ಲಾಸಿನಲ್ಲಿ 'ನನ್ನ ತಾಯಿ' ಬರೆದುಕೊಂಡು ಬನ್ನಿ ಎಂದರು. ನಾನು ರಾತ್ರಿಯೆಲ್ಲ ಕೂತು ಬರೆದೆ. ತುಂಬಿದ ಮುಖ, ದೊಡ್ಡ ಕುಂಕುಮ, ಮಲ್ಲಿಗೆ ದಂಡೆ, ಎದೆಯ ಮೇಲೆ ಜೋಡಿಸಿದ ಅರಿಶಿನ ಬಣ್ಣದ ಕೈ. ಮಿಸ್ ಅದನ್ನು ಎತ್ತಿ ಇಡೀ ಕ್ಲಾಸಿಗೆ ತೋರಿಸಿದರು. ನಾನು ಹೆಮ್ಮೆಯಿಂದ ಕೂತಿದ್ದೆ.

"ಪದ್ಮಾವತಿ, ಈ ಕೈ ಯಾರ್ದು?"

"ನಮ್ಮಮ್ಮಂದು ಮಿಸ್."

"ನಿಮ್ಮಮ್ಮ ಸುಂಕದಕಟ್ಟೇಲಿ ಮನೇಲೇ ಅಗರಬತ್ತಿ ಹೊಸೆಯೋರಲ್ವ?"

ಕ್ಲಾಸು ತಿರುಗಿ ನನ್ನನ್ನು ನೋಡಿತು. ಅಮ್ಮ ಏನು ಮಾಡುತ್ತಾರೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಅಪ್ಪ ಪೀಣ್ಯದಲ್ಲಿ ಕೆಲಸ ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ.

"ಹೌದು ಮಿಸ್."

"ಇದ್ದಿಲು ಪುಡಿ ಕಲಸೋ ಕೈ ಯಾವ ಬಣ್ಣ ಇರುತ್ತೆ? ಇದು ನಿಮ್ಮಮ್ಮ ಅಲ್ಲ, ಕ್ಯಾಲೆಂಡರ್ ಲಕ್ಷ್ಮಿ. ಅಮ್ಮನ್ನ ನೋಡಕ್ಕೆ ನಾಚಿಕೆ ಆದ್ರೆ ಬರೀಬೇಡ, ಮನೇಲಿ ಪೂಜೆ ಮಾಡ್ಕೊಂಡಿರು." ಚಿತ್ರವನ್ನು ನಾಲ್ಕು ಮಡಿಕೆ ಮಡಚಿ ನನ್ನ ಕೈಗೆ ಕೊಟ್ಟರು.

ಆ ದಿನ ಊಟದ ಬಿಡುವಿನಲ್ಲಿ ಹುಡುಗಿಯರು ನನ್ನ ಟಿಫನ್ ಬಾಕ್ಸನ್ನು ಮೂಸಿ ಊದುಬತ್ತಿ ವಾಸನೆ ಎಂದು ನಕ್ಕರು. ಮನೆಗೆ ಹೋಗಿ, ಸಿಟ್ಟಿನಿಂದಲೇ, ಅಮ್ಮನ ಎದುರು ಕೂತು ಕೈ ನೋಡಿದೆ. ಅದುವರೆಗೆ ನೋಡಿಯೇ ಇರಲಿಲ್ಲ ಎಂಬುದು ಆಗ ಗೊತ್ತಾಯಿತು. ಅಂಗೈ ಕಪ್ಪು, ಕಪ್ಪಿನೊಳಗೆ ಗೆರೆಗಳು ಇನ್ನೂ ಕಪ್ಪು, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಅಂಟು. ಬರೀ ಆ ಎರಡು ಕೈ ಬರೆದುಕೊಂಡು ಹೋದೆ. ಮಿಸ್ ಬಹಳ ಹೊತ್ತು ನೋಡಿದರು. "ಹೂಂ" ಎಂದರು. ಅಷ್ಟೇ. ಆ 'ಹೂಂ' ಕೇಳಿ ನಾನು ಕೆಟ್ಟೆ. ಇಂಜಿನಿಯರೋ ನರ್ಸೋ ಆಗಬೇಕಾದವಳು ಚಿತ್ರ ಬರೆಯುವವಳಾದೆ.

ಅಪ್ಪನನ್ನು ಒಪ್ಪಿಸಿದ್ದೂ ಮಿಸ್ಸೇ. ಮನೆಗೆ ಬಂದು, ಅಮ್ಮ ಹಾಸಿದ ಚಾಪೆಯ ಮೇಲೆ ಅಗರಬತ್ತಿ ಕಟ್ಟುಗಳ ನಡುವೆ ಕೂತರು. ಅಪ್ಪ, "ಚಿತ್ರ ಬರ್ಕೊಂಡಿದ್ರೆ ಯಾರು ಮದ್ವೆ ಆಗ್ತಾರೆ ಮಿಸ್?" ಅಂದರು.

"ನನ್ನನ್ನೂ ಯಾರೂ ಆಗ್ಲಿಲ್ಲ. ಸತ್ತಿದೀನಾ?" ಅಂದರು ಮಿಸ್.

ನಾನು ಕಲಾಶಾಲೆ ಸೇರಿದೆ. ಅಷ್ಟು ಮಾಡಿದ ಮಹಾತಾಯಿ, ಮುಂದೆ ಒಂದು ದಿನ, ಒಂದೇ ಒಂದು ದಿನ, ನನ್ನ ಬೆನ್ನು ತಟ್ಟಲಿಲ್ಲ.

ನನ್ನ ಮೊದಲ ಪ್ರದರ್ಶನದಲ್ಲಿ ಅಭಿಪ್ರಾಯ ಪುಸ್ತಕದಲ್ಲಿ ಹಸಿರು ಅಕ್ಷರದಲ್ಲಿ ಎರಡೇ ಪದ ಬರೆದರು: 'ಇನ್ನೂ ಬಂದಿಲ್ಲ.' ಏನು ಬಂದಿಲ್ಲ ಎಂದು ಕೇಳಿದ್ದಕ್ಕೆ, "ಬಂದಾಗ ನಿಂಗೇ ಗೊತ್ತಾಗುತ್ತೆ, ನಾನು ಬೇರೆ ಬರೀತೀನಿ" ಅಂದರು. ಐದು ವರ್ಷ ಬಿಟ್ಟು ಎರಡನೆಯ ಪ್ರದರ್ಶನ. 'ಇನ್ನೂ ಬಂದಿಲ್ಲ.' ಪತ್ರಿಕೆಯವರು ಬರೆದರು, ಚಿತ್ರಗಳು ಮಾರಾಟವಾದವು, ಒಂದು ಬಹುಮಾನವೂ ಬಂತು. ಇವೆಲ್ಲ ಬಂದರೂ ಮಿಸ್ ಹೇಳುವುದು ಬಂದಿರಲಿಲ್ಲ. ನನಗೆ ಅವರಿಂದ 'ಬಂತು' ಎಂಬ ಒಂದು ಪದ ಬೇಕಿತ್ತು. ಬೇರೆ ಯಾರ ಹೊಗಳಿಕೆಯೂ ಮೈಗೆ ಹತ್ತುತ್ತಿರಲಿಲ್ಲ. ಮೂರನೆಯ ಪ್ರದರ್ಶನ ಅಮ್ಮ ತೀರಿಕೊಂಡ ವರ್ಷ. ಹಾಲಿನ ತುಂಬ ಅಮ್ಮನದೇ ಕೆಲಸ, ಅಮ್ಮನದೇ ಕಪ್ಪು. ಈ ಸಲವಾದರೂ ಬರೆಯುತ್ತಾರೆ ಎಂದು ಮಿಸ್ ಎದ್ದು ಹೋಗುವುದನ್ನೇ ಕಾದು ಪುಸ್ತಕ ತೆರೆದೆ. 'ಇನ್ನೂ ಬಂದಿಲ್ಲ.' ಹಾಲಿನ ಟಾಯ್ಲೆಟ್ಟಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅದಾದ ಮರುವರ್ಷ ಒಂದು ಮಧ್ಯಾಹ್ನ ಯಾರದೋ ಪ್ರದರ್ಶನ ಮುಗಿಸಿ ಮಿಸ್ ಜೊತೆ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. "ಯಾವ ಬಸ್ಸು ನೋಡೆ, ಬಿಸಿಲು ಹೊಡೀತಿದೆ" ಅಂದರು. ಬಿಸಿಲು ನಮ್ಮ ಬೆನ್ನಿಗಿತ್ತು. ಆಮೇಲೆ ಗಮನಿಸತೊಡಗಿದೆ. ಚಿತ್ರದ ಎದುರು ನಿಂತಾಗ ಮುಖ ಪಕ್ಕಕ್ಕೆ ತಿರುಗಿಸಿ ಓರೆಯಾಗಿ ನೋಡುತ್ತಿದ್ದರು. ಜನ ಬರುವ ಮೊದಲೇ ಬರುತ್ತಿದ್ದರು. ವಾಚ್‌ಮನ್ ರಾಮಯ್ಯ ಸ್ಟೂಲು ಹಿಡಿದು ಹಿಂದೆ ಬಂದು, ಚಿತ್ರಗಳ ಹೆಸರನ್ನು ಮೆತ್ತಗೆ ಓದಿ ಹೇಳುತ್ತಿದ್ದರು. ಮಿಸ್ ಕಲಾವಿದರನ್ನು ಕರೆದು, "ಇದಕ್ಕೆ ಎಷ್ಟು ದಿನ ತಗೊಂಡೆ? ಎಲ್ಲಿ ಕೂತು ಬರೆದೆ?" ಎಂದು ಕೇಳುತ್ತಿದ್ದರು. ಅವರು ಬಡಬಡಿಸಿದ್ದರಲ್ಲೇ ಚಿತ್ರ ಹೇಗಿದೆ ಎಂದು ಅಂದಾಜು ಹಾಕಿ ಹಸಿರು ಇಂಕಿನಲ್ಲಿ ತೀರ್ಪು ಬರೆಯುತ್ತಿದ್ದರು. ತೀರ್ಪು ಬಹುತೇಕ ಸರಿಯಾಗಿಯೇ ಇರುತ್ತಿತ್ತು ಎನ್ನುವುದು ಬೇರೆ ಮಾತು. ನಾವು ಬರೆಯುವುದು ಅಷ್ಟು ಊಹಿಸಬಹುದಾದ ಮಾಲು.

ಬಸವೇಶ್ವರನಗರಕ್ಕೆ ಹೋದಾಗ ಅವರ ಅಣ್ಣನ ಮಗಳು ಸುಧಾಳನ್ನು ಗೇಟಿನ ಬಳಿ ಕೇಳಿದೆ. ಅಣ್ಣ ಅತ್ತಿಗೆ ಹೋದ ಮೇಲೆ ಮಿಸ್‌ಗೆ ಇದ್ದವಳು ಅವಳೊಬ್ಬಳೇ. ಬೆಳಿಗ್ಗೆ ಕಣ್ಣಿಗೆ ಡ್ರಾಪ್ಸ್ ಹಾಕಿ, ಸೀರೆಯ ನೆರಿಗೆ ಸರಿ ಮಾಡಿ, ಕೈ ಹಿಡಿದು ಆಟೊ ಹತ್ತಿಸಿ ಕಳಿಸುತ್ತಿದ್ದವಳು.

"ರೆಟಿನಾ ಹೋಗಿದೆಯಂತೆ ಅಕ್ಕ. ನಡುವೆ ಏನೂ ಕಾಣಲ್ಲ, ಸುತ್ತ ಸ್ವಲ್ಪ ಮಬ್ಬುಮಬ್ಬಾಗಿ ಕಾಣುತ್ತೆ. ಮೂರು ವರ್ಷ ಆಯ್ತು. ಯಾರಿಗೂ ಹೇಳ್ಬೇಡ ಅಂತ ಅತ್ತೆ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದಾರೆ. ನೀವೂ ಹೇಳ್ಬೇಡಿ. ಅವರಿಗೆ ಉಳಿದಿರೋದು ಇದೊಂದೇ."

ಇಲ್ಲ ಎಂದು ತಲೆಯಾಡಿಸಿದೆ. ತಲೆಯಾಡಿಸುವಾಗಲೇ ಲೆಕ್ಕ ಹಾಕುತ್ತಿದ್ದೆ. ಮೂರು ವರ್ಷ ಎಂದರೆ ನನ್ನ ಮೂರನೆಯ ಪ್ರದರ್ಶನಕ್ಕೂ ಹಿಂದೆ. ಅಮ್ಮನ ಚಿತ್ರಗಳ ಮುಂದೆ ಚಪ್ಪಲಿ ಬಿಟ್ಟು ನಿಂತಾಗ ಈ ಹೆಂಗಸಿಗೆ ಏನೂ ಕಾಣುತ್ತಿರಲಿಲ್ಲ. ಕಾಣದೆಯೇ ಬರೆದರು, ಇನ್ನೂ ಬಂದಿಲ್ಲ ಎಂದು. ಅಯ್ಯೋ ಪಾಪ ಎಂದು ನನಗೆ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಈಗ ಗೊತ್ತು. ಆಗ ಮೈಯೆಲ್ಲ ಉರಿಯಿತು. ಆ ವಾರವೇ ಲೋಕೇಶನಿಗೆ ಹೇಳಿದೆ.

ಲೋಕೇಶ ಬಾಯಿ ಮುಚ್ಚಿಕೊಂಡು ನಕ್ಕ. "ಹಂಗಾದ್ರೆ ನನ್ನ ಚಿತ್ರ?"

"ನಿನ್ನದು ಕಣ್ಣು ಚೆನ್ನಾಗಿದ್ದಾಗಲೇ ನೋಡಿದ್ದು" ಅಂದೆ. ಅವನ ನಗು ನಿಂತಿತು. ಉಪಾಯ ಹೇಳಿಕೊಟ್ಟವನು ಅವನೇ. ಒಪ್ಪಿ ಮಾಡಿದವಳು ನಾನು.

ನನ್ನ ನಾಲ್ಕನೆಯ ಪ್ರದರ್ಶನ. ಉದ್ಘಾಟನೆ ಸಂಜೆ, ಮಿಸ್ ಬರುವುದು ಬೆಳಿಗ್ಗೆ. ಬಾಗಿಲಿಗೆ ಎದುರಾದ ಗೋಡೆಯ ಮೇಲೆ ನಾಲ್ಕಡಿ ಮೂರಡಿಯ ಕ್ಯಾನ್ವಾಸು ಹಾಕಿದೆವು. ಬಿಳಿ ಪ್ರೈಮರ್ ಹೊಡೆದದ್ದು, ಅದರ ಮೇಲೆ ಒಂದು ಗೆರೆಯೂ ಇಲ್ಲ. ಸುತ್ತ ತೇಗದ ಕಟ್ಟು. ಕೆಳಗೆ ಲೋಕೇಶ ಪ್ರಿಂಟ್ ಹಾಕಿಸಿ ತಂದ ಲೇಬಲ್ಲು: 'ಅಮ್ಮ. ಕ್ಯಾನ್ವಾಸ್ ಮೇಲೆ ತೈಲವರ್ಣ.' ಮಧ್ಯಾಹ್ನ ಅದನ್ನು ಇಳಿಸಿ ಬೇರೆ ಚಿತ್ರ ಹಾಕುವುದು ಎಂದಿತ್ತು. ಮಿಸ್ ಕೈಯಲ್ಲಿ ಒಂದಲ್ಲ ಒಂದು ಸಲ ಕೊರಳು ಕುಯ್ಯಿಸಿಕೊಂಡಿದ್ದ ಎಂಟು ಮಂದಿ ಗೋಡೆಗೊರಗಿ ನಿಂತರು. ರಾಮಯ್ಯನಿಗೂ ಹೇಳಿದ್ದೆವು. ಅವರು ಮೊದಲು ಬೇಡ ಎಂದರು, ಆಮೇಲೆ ಸ್ಟೂಲು ತಂದು ಅದರ ಮುಂದೆಯೇ ಇಟ್ಟರು.

ಮಿಸ್ ಬಂದರು. ಚಪ್ಪಲಿ ಬಿಟ್ಟರು. ಕ್ಯಾನ್ವಾಸಿನ ಮುಂದೆ ಕೂತು ಮುಖ ಓರೆ ಮಾಡಿದರು. ರಾಮಯ್ಯ ಹೆಸರು ಓದಿದರು.

"ಇದು ಯಾವಾಗ ಶುರು ಮಾಡಿದ್ದೇ?" ಎಂದು ನನ್ನನ್ನು ಕೇಳಿದರು.

ಹೇಳಬೇಕಾದ ಸುಳ್ಳನ್ನು ಮನೆಯಲ್ಲೇ ಜೋಡಿಸಿಕೊಂಡು ಬಂದಿದ್ದೆ. "ಅಮ್ಮ ಹೋದ ಮೇಲೆ ಮಿಸ್. ಮುಖ ಬರೆದಿಲ್ಲ. ಕೈ ಅಷ್ಟೇ. ಅಮ್ಮ ಆಸ್ಪತ್ರೇಲಿ ಇದ್ದಾಗ ನರ್ಸು ಎಷ್ಟು ಒರೆಸಿದ್ರೂ ಕಪ್ಪು ಹೋಗ್ಲಿಲ್ಲ. ಕೊಳೆ ಅಂದ್ಕೊಂಡು ಬೈದ್ರು. ಅಮ್ಮ ಕೈನ ಬೆಡ್‌ಶೀಟ್ ಒಳಗೆ ಮುಚ್ಚಿಟ್ಕೊಂಡ್ರು..." ಅಲ್ಲಿಗೆ ನಿಂತೆ. ಮನೆಯಲ್ಲಿ ಜೋಡಿಸಿಕೊಂಡದ್ದರಲ್ಲಿ ಇದು ಇರಲಿಲ್ಲ. ಇದು ನಡೆದದ್ದು. ಯಾರಿಗೂ ಹೇಳದೆ ಇಟ್ಟುಕೊಂಡದ್ದು ನಾಟಕದ ನಡುವೆ ಬಾಯಿಗೆ ಬಂದುಬಿಟ್ಟಿತ್ತು. ದನಿ ಒಡೆದಿತ್ತು.

ಮಿಸ್ ಅಲ್ಲಾಡದೆ ಕೂತಿದ್ದರು. ಹತ್ತು ನಿಮಿಷ ಆಗಿರಬಹುದು. ಕೆಳಗೆ ಛತ್ರದಲ್ಲಿ ಯಾರೋ ಮೈಕ್ ಟೆಸ್ಟ್ ಮಾಡುತ್ತಿದ್ದರು. ಆಮೇಲೆ ಕೈ ಚಾಚಿ ನನ್ನ ಮೊಣಕೈ ಹಿಡಿದರು. "ಬಂತು ಕಣೇ" ಅಂದರು.

ನಾಚಿಕೆಗೇಡು ಏನೆಂದರೆ, ಆ ಕ್ಷಣ ನಾನೂ ನಂಬಿದೆ. ಏನು ಬಂತು ಎಂದು ಕ್ಯಾನ್ವಾಸಿನ ಕಡೆ ತಿರುಗಿ ನೋಡಿದೆ. ಬಿಳಿ. ಹಿಂದೆ ಲೋಕೇಶ ಕರ್ಚೀಫು ಕಚ್ಚಿ ಹಿಡಿದಿದ್ದ. ಒಬ್ಬಳು ಮೊಬೈಲಿನಲ್ಲಿ ಎಲ್ಲವನ್ನೂ ತೆಗೆಯುತ್ತಿದ್ದಳು. ಮಿಸ್ ಮೇಜಿನ ತನಕ ತಡವಿಕೊಂಡು ಹೋಗಿ ಪುಸ್ತಕದಲ್ಲಿ ದೊಡ್ಡದಾಗಿ, ಗೆರೆ ತಪ್ಪಿ ಬರೆದರು: 'ಬಂತು.' ಇಪ್ಪತ್ತು ವರ್ಷ ಕಾದ ಪದ. ಎಂಟು ಮಂದಿ ಸರದಿಯಲ್ಲಿ ನಿಂತು ಅದರ ಫೋಟೊ ತೆಗೆದುಕೊಂಡರು.

ಸಂಜೆಯೊಳಗೆ ವಿಡಿಯೊ ನಮ್ಮ ಕಡೆಯ ಕಲಾವಿದರ ವಾಟ್ಸಾಪ್ ಗುಂಪಿನಲ್ಲಿತ್ತು. ಮರುದಿನ ನಗರದ ಆ ಕಡೆಯವರ ಗುಂಪಿನಲ್ಲೂ ಇತ್ತು. ಯಾರೋ ಮಿಸ್ ಮುಖ ಕತ್ತರಿಸಿ ಸ್ಟಿಕ್ಕರ್ ಮಾಡಿದರು, ಕೆಳಗೆ 'ಬಂತು ಕಣೇ' ಎಂದು. ಪ್ರದರ್ಶನದಲ್ಲಿ ಕಾಫಿ ಬಂದರೆ 'ಬಂತು ಕಣೇ'. ಕರೆಂಟು ಬಂದರೆ 'ಬಂತು ಕಣೇ'. ಗುಂಪಿನಲ್ಲಿ ನಾನೂ ಒಂದು ನಗುವ ಮುಖ ಹಾಕಿದೆ. ಹಾಕದಿದ್ದರೆ ತಪ್ಪು ತಿಳಿದುಕೊಳ್ಳುತ್ತಾರಲ್ಲ ಎಂದು.

ಮಿಸ್‌ಗೆ ಇದ್ಯಾವುದೂ ತಿಳಿಯಲಿಲ್ಲ. ಅವರು ಸಂತೋಷವಾಗಿದ್ದರು, ಅವರನ್ನು ಹಾಗೆ ಯಾರೂ ಕಂಡಿರಲಿಲ್ಲ. ಹಳೆಯ ಟೀಚರ್‌ಗಳಿಗೆಲ್ಲ ಫೋನು ಹಚ್ಚಿ, "ನಮ್ಮ ಪದ್ಮನ ಚಿತ್ರ ನೋಡಿದ್ರಾ? ನೋಡಿ, ಸಾಯೋದ್ರೊಳಗೆ ನೋಡಿ" ಎಂದು ಹೇಳಿದರು. ಕಲಾವಿದರಿಗೂ ಮಾಡಿದರು. ಅವರು ಸ್ಪೀಕರ್ ಹಾಕಿಕೊಂಡು ಸುತ್ತ ಕೂತವರಿಗೆ ಕೇಳಿಸುತ್ತ, "ನೋಡಿದ್ವಿ ಮಿಸ್, ಅಂಥ ಚಿತ್ರ ಇನ್ನೊಂದಿಲ್ಲ" ಎಂದರು. ನನಗೆ ದಿನಕ್ಕೆರಡು ಸಲ ಫೋನು. "ಅದನ್ನ ಯಾರಿಗೂ ಕೊಡ್ಬೇಡ ಕಣೇ. ಪ್ರದರ್ಶನ ಮುಗಿದ ಮೇಲೆ ಒಂದು ತಿಂಗಳು ನನ್ನ ಕೋಣೇಲಿ ಇಡು. ದಿನಾ ನೋಡ್ಬೇಕು ನಾನು."

ಏನು ಮಾಡಲಿ? ಖಾಲಿ ಕ್ಯಾನ್ವಾಸು ಕೊಡುವಷ್ಟು ಗಟ್ಟಿ ಎದೆ ನನಗಿರಲಿಲ್ಲ. ಬ್ಯಾಡರಹಳ್ಳಿಯಲ್ಲಿ ಟೆರೇಸಿನ ಮೇಲೆ ನನ್ನದೊಂದು ಕೆಲಸದ ಕೋಣೆ ಇದೆ. ಅಲ್ಲಿ ಅದೇ ಕ್ಯಾನ್ವಾಸು ನಿಲ್ಲಿಸಿಕೊಂಡು ಬರೆಯಲು ಕೂತೆ. ಆಸ್ಪತ್ರೆಯ ಬಿಳಿ ಹಾಸು, ಅದರ ಅಂಚಿನಲ್ಲಿ ಬಚ್ಚಿಟ್ಟುಕೊಳ್ಳಲು ಹೊರಟ ಎರಡು ಕಪ್ಪು ಕೈ. ಬರೆದೆ, ಕೆರೆದೆ, ಮತ್ತೆ ಬರೆದೆ. ಊಟ, ನಿದ್ದೆ, ಫೋನು ಎಲ್ಲ ಬಿಟ್ಟೆ. ಮೂರು ವಾರದ ಕೊನೆಗೆ ಒಂದು ಮಧ್ಯಾಹ್ನ ಬ್ರಷ್ಷು ಕೆಳಗಿಟ್ಟು ದೂರ ಸರಿದು ನೋಡಿದೆ. ಮಿಸ್ ಇಷ್ಟು ವರ್ಷ ಏನನ್ನು ಕೇಳುತ್ತಿದ್ದರು ಎಂದು ಆಗ ಗೊತ್ತಾಯಿತು. ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಅವರೇ ಹೇಳಬೇಕು ಎಂಬ ಆಸೆ ಸಾಯಲಿಲ್ಲ. ಒಣಗಲೂ ಬಿಡದೆ ಆಟೊದಲ್ಲಿ ಹಾಕಿಕೊಂಡು ಬಸವೇಶ್ವರನಗರಕ್ಕೆ ಹೊರಟೆ.

ಮಿಸ್ ಮಂಚದ ಎದುರಿನ ಗೋಡೆಗೆ ಆಗಲೇ ಮೊಳೆ ಹೊಡೆಸಿದ್ದರು. ಚಿತ್ರವನ್ನು ಕುರ್ಚಿಯ ಮೇಲೆ ಒರಗಿಸಿದೆ. ಅವರು ಹತ್ತಿರ ಬಂದು ಮೂಸಿದರು. ಅಂಚು ತಡವಿದರು. ಬೆರಳಿಗೆ ಹಸಿ ಬಣ್ಣ ಹತ್ತಿತು.

"ಇದು ಅದಲ್ಲ" ಅಂದರು.

"ಅದೇ ಮಿಸ್. ಸ್ವಲ್ಪ ತಿದ್ದಿದೆ."

"ಅದನ್ನ ಯಾಕೆ ಮುಟ್ಟಿದೆ ನೀನು?" ಸೆರಗಿಗೆ ಬೆರಳು ಒರೆಸಿಕೊಂಡು, ಮುಖ ಓರೆ ಮಾಡಿ, ತುಂಬ ಹೊತ್ತು ನೋಡಿದರು. ಅಥವಾ ನೋಡಿದಂತೆ ಕೂತರು. ನಾನು ನಿಂತಿದ್ದೆ, ಒಂಬತ್ತನೇ ಕ್ಲಾಸಿನ ಹುಡುಗಿಯ ಹಾಗೆ. ಕೊನೆಗೆ ತಲೆಯಾಡಿಸಿದರು. "ಹಾಳು ಮಾಡ್ದೆ ಕಣೇ. ಅಲ್ಲಿ ಬಂದಿತ್ತು. ಇಲ್ಲಿ ಇನ್ನೂ ಬಂದಿಲ್ಲ."

"ಅದರಲ್ಲಿ ಏನೂ ಇರ್ಲಿಲ್ಲ ಮಿಸ್" ಅಂದೆ. ಅಂದ ಮೇಲೆ ನಿಲ್ಲಿಸಬಹುದಿತ್ತು. "ಬರೀ ಬಿಳಿ ಕ್ಯಾನ್ವಾಸು. ನಿಮಗೆ ಕಣ್ಣು ಕಾಣಲ್ಲ ಅಂತ ಪರೀಕ್ಷೆ ಮಾಡಕ್ಕೆ ಹಾಕಿದ್ವಿ. ನೀವು ಬಂತು ಅಂದ್ರಿ. ಎಲ್ರೂ ನಕ್ರು."

ಮಿಸ್ ಮಂಚದ ಅಂಚನ್ನು ಹುಡುಕಿಕೊಂಡು ಕೂತರು. ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಎರಡೂ ಇಲ್ಲ.

"ಯಾರ್ಯಾರಿಗೆ ಗೊತ್ತು?" ಎಂದು ಕೇಳಿದರು.

"ಎಲ್ರಿಗೂ ಗೊತ್ತು ಮಿಸ್."

"ಲೋಕೇಶಂಗೆ?"

"ಲೇಬಲ್ ಮಾಡ್ಸಿದ್ದೇ ಅವನು."

"ರಾಮಯ್ಯಂಗೆ?"

"ಅವರಿಗೂ ಗೊತ್ತು."

ಅಡುಗೆಮನೆಯ ಬಾಗಿಲಲ್ಲಿ ಸುಧಾ ಎರಡು ಲೋಟ ಕಾಫಿ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನನ್ನ ಕಣ್ಣಿನ ವಿಷ್ಯ ನಿಂಗೆ ಯಾರು ಹೇಳಿದ್ದು?"

ನಾನೇ ಕಂಡುಹಿಡಿದೆ ಎನ್ನಬಹುದಿತ್ತು. ಬಸ್ ಸ್ಟಾಪಿನಲ್ಲಿ ಅನುಮಾನ ಬಂತು ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಸುಧಾ ನನ್ನ ಕಡೆ ನೋಡಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಆ ಕೋಣೆಯಲ್ಲಿ ತಪ್ಪು ಮಾಡಿದವಳು ನಾನೊಬ್ಬಳೇ ಆಗಿ ನಿಲ್ಲುವುದು ನನ್ನಿಂದ ಆಗಲಿಲ್ಲ.

"ಸುಧಾ ಹೇಳಿದ್ಲು" ಅಂದೆ.

ಮಿಸ್ ಅಡುಗೆಮನೆಯ ಕಡೆ ಮುಖ ತಿರುಗಿಸಲಿಲ್ಲ. ಗೋಡೆಯ ಕಡೆಗೇ ನೋಡುತ್ತ, "ಕಾಫಿ ಕುಡ್ಕೊಂಡು ಹೊರಡಿ" ಅಂದರು. ನಾನು ಕಾಫಿ ಕುಡಿಯಲಿಲ್ಲ. ಚಿತ್ರವನ್ನು ಎತ್ತಿಕೊಂಡು ಬಂದೆ.

ಆಮೇಲೆ ಮಿಸ್ ಯಾವ ಪ್ರದರ್ಶನಕ್ಕೂ ಬರಲಿಲ್ಲ, ಯಾರ ಫೋನನ್ನೂ ತೆಗೆದುಕೊಳ್ಳಲಿಲ್ಲ. ಎಂಟು ತಿಂಗಳು ಬದುಕಿದ್ದರು. ಹೋದ ದಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿಹ್ನೆ ಹಾಕಿದರು. ಹಾಲಿನಲ್ಲಿ ಸಂತಾಪ ಸಭೆ ಮಾಡಿದರು. ಲೋಕೇಶ ಮಿಸ್ ಫೋಟೊವನ್ನು ತನ್ನ ಅಂಗಡಿಯಲ್ಲೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಿದ್ದ. ನಮ್ಮ ಪಾಲಿನ ಕಣ್ಣು ಅವರು ಎಂದು ಮೈಕ್ ಹಿಡಿದು ಅತ್ತ. ನನ್ನನ್ನೂ ಮಾತಾಡಲು ಕರೆದರು. ಪಟ್ಟ ಶಿಷ್ಯೆ ಎಂದು ಪರಿಚಯ ಮಾಡಿದರು. ನಾನು ಹೋಗಿ ಮಾತಾಡಿ ಬಂದೆ. ಏನು ಹೇಳಿದೆನೋ ನೆನಪಿಲ್ಲ, ಚಪ್ಪಾಳೆ ಬಿತ್ತು.

ಶಿವಗಣಾರಾಧನೆ ಕಳೆದ ಮೇಲೆ ಬಸವೇಶ್ವರನಗರಕ್ಕೆ ಹೋದೆ. ಸುಧಾ ಗೇಟು ತೆಗೆಯಲಿಲ್ಲ. ಒಳಗಿನಿಂದಲೇ ನಿಂತು ಮಾತಾಡಿದಳು. ಸಿಟ್ಟು ಮಾಡಲಿಲ್ಲ. ಅವಳ ಹಿಂದೆ ತೆರೆದ ಬಾಗಿಲಿನಿಂದ ಕೋಣೆ ಕಾಣುತ್ತಿತ್ತು. ಮಂಚದಿಂದ ಬಚ್ಚಲಿನ ತನಕ ಬಿಳಿ ಗೋಡೆಯ ಮೇಲೆ ಸೊಂಟದೆತ್ತರದಲ್ಲಿ ಕೊಳೆಯ ಗೆರೆಯೊಂದು ಉದ್ದಕ್ಕೆ ಹೋಗಿತ್ತು. ನಾನು ಅದನ್ನು ನೋಡುತ್ತಿರುವುದನ್ನು ಸುಧಾ ಕಂಡಳು.

"ಆವತ್ತಿಂದ ನನ್ನ ಕೈ ಹಿಡೀಲಿಲ್ಲ ಅಕ್ಕ" ಅಂದಳು. "ಕೊನೇವರ್ಗೂ ಗೋಡೆ ಹಿಡ್ಕೊಂಡೇ ಓಡಾಡಿದ್ರು."